ಸರ್ವರ್ ಬದಲಾದೊಡನೆ ಆರಂಭದ ಕೋಡ್ ಓಡುವುದಿಲ್ಲವೇಕೆ?

ಪ್ರಶ್ನೆ: ನಮ್ಮ ಕೊಬ್ಬರಿ ಮಂಡಿಯ ಲೆಕ್ಕದ ಜಾವಾ ಅಪ್ಲಿಕೇಶನ್ ವೈಲ್ಡ್‌ಫ್ಲೈ ಎಂಬ ಸರ್ವರ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಅದೇ ವಾರ್ ಫೈಲನ್ನು (ಅಪ್ಲಿಕೇಶನ್‌ನ ಪೊಟ್ಟಣ) ಟಾಮ್‌ಕ್ಯಾಟ್ 9 ಸರ್ವರ್‌ಗೆ ಹಾಕಿದರೆ, ಆರಂಭದಲ್ಲೇ ತುಂಬಬೇಕಾದ ದರಪಟ್ಟಿ ತುಂಬುತ್ತಲೇ ಇಲ್ಲ. ಲಾಗ್‌ನಲ್ಲಿ ಎರರ್ ಕೂಡ ಇಲ್ಲ. ಕೋಡ್ ಇರುವುದು ಸಿಂಗಲ್‌ಟನ್, ಸ್ಟಾರ್ಟಪ್ ಅನೊಟೇಶನ್ (ಸರ್ವರ್ ಓದುವ ಗುರುತು) ಹಾಕಿದ ಕ್ಲಾಸಿನಲ್ಲಿ. (ತಿಪಟೂರು)

ಉತ್ತರ: ಊರು ಬೇರೆ ಬೇರೆ, ನನಗೆ ಬರುವ ಪ್ರಶ್ನೆ ಮಾತ್ರ ಅದೇ. ಆ ಸ್ಟಾರ್ಟಪ್ ಅನೊಟೇಶನ್ 2009ರ ಜಾವಾ ಇಇ 6ರಲ್ಲಿ (ಸರ್ವರ್ ಅಪ್ಲಿಕೇಶನ್‌ಗಳ ಜಾವಾ ನಿಯಮಾವಳಿ), ಅದರ ಇಜೆಬಿ 3.1 ಎಂಬ ಭಾಗದ ಜತೆ ಬಂದದ್ದು. ಟಾಮ್‌ಕ್ಯಾಟ್‌ನಲ್ಲಿ ಇಜೆಬಿ ಕಂಟೇನರೇ, ಅಂದರೆ ಅಂಥ ಕ್ಲಾಸುಗಳನ್ನು ನಡೆಸುವ ಭಾಗವೇ, ಇಲ್ಲ. ಅನೊಟೇಶನ್ ಓದುವವರೇ ಇಲ್ಲವೆಂದ ಮೇಲೆ ಎರರ್ ಎಲ್ಲಿಂದ ಬರಬೇಕು? ಜಾರ್ (ಲೈಬ್ರರಿ ಫೈಲ್) ಮೇಲೆ ಜಾರ್ ಸೇರಿಸುತ್ತಾ ಕೂರಬೇಡಿ.

ಎಲ್ಲ ಕಡೆಯೂ ಓಡಬೇಕೆಂದರೆ ಸರ್ವ್ಲೆಟ್‌ಕಾಂಟೆಕ್ಸ್ಟ್‌ಲಿಸನರ್ ಬಳಸಿ; ಅಪ್ಲಿಕೇಶನ್ ಶುರುವಾದಾಗ, ನಿಂತಾಗ ಸರ್ವರ್ ತಾನಾಗಿ ಕರೆಯುವ ಕ್ಲಾಸ್ ಅದು. ಜಾವಾ ವೆಬ್ ಅಪ್ಲಿಕೇಶನ್‌ಗಳ ನಿಯಮಾವಳಿಯಾದ ಸರ್ವ್ಲೆಟ್ ಸ್ಪೆಸಿಫಿಕೇಶನ್‌ನಲ್ಲಿ 2.3ರಿಂದಲೂ ಅದು ಇದೆ. ಟಾಮ್‌ಕ್ಯಾಟ್, ಜೆಟ್ಟಿ, ವೈಲ್ಡ್‌ಫ್ಲೈ, ವೆಬ್‌ಲಾಜಿಕ್ ಎಲ್ಲವೂ ಅದನ್ನು ಕರೆಯುತ್ತವೆ. ಅದರ ಆರಂಭದ ಮೆಥಡ್ ಕಾಂಟೆಕ್ಸ್ಟ್‌ಇನಿಶಿಯಲೈಸ್ಡ್ ಮುಗಿಯುವವರೆಗೆ ಮೊದಲ ರಿಕ್ವೆಸ್ಟ್ ಒಳಗೆ ಬರುವುದಿಲ್ಲ, ಹಾಗಾಗಿ ಖಾಲಿ ದರಪಟ್ಟಿ ಯಾರಿಗೂ ಕಾಣದು. ಹಳೆಯ ಸ್ಟಾರ್ಟಪ್ ಕ್ಲಾಸನ್ನು ತೆಗೆದುಹಾಕಿ. ಬಿಟ್ಟರೆ ವೈಲ್ಡ್‌ಫ್ಲೈನಲ್ಲಿ ಅದೇ ಕೆಲಸ ಎರಡು ಸಲ ಆಗುತ್ತದೆ.

ಲಿಸನರ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಅಪ್ಲಿಕೇಶನ್‌ನ ಸೆಟ್ಟಿಂಗ್ ಫೈಲಾದ ವೆಬ್ ಎಕ್ಸ್‌ಎಂಎಲ್‌ನಲ್ಲೇ ಬರೆಯಿರಿ. ಅಲ್ಲಿ ಬರೆದ ಕ್ರಮದಲ್ಲೇ ಅವು ಓಡುತ್ತವೆ; ಕ್ಲಾಸಿನ ಮೇಲೆಯೇ ಹಾಕುವ ವೆಬ್‌ಲಿಸನರ್ ಅನೊಟೇಶನ್‌ಗೆ ಆ ಖಾತರಿ ಇಲ್ಲ. ಡೇಟಾಸೋರ್ಸಿಗೆ (ಡೇಟಾಬೇಸ್ ಸಂಪರ್ಕ) ಸರ್ವರ್‌ನ ಸ್ವಂತ ಜೆಎನ್‌ಡಿಐ (ಹೆಸರು ಹೇಳಿ ಹುಡುಕುವ ವ್ಯವಸ್ಥೆ) ಹೆಸರನ್ನು ಕೋಡಿನಲ್ಲಿ ಬರೆಯಬೇಡಿ. ವೆಬ್ ಎಕ್ಸ್‌ಎಂಎಲ್‌ನಲ್ಲಿ ರಿಸೋರ್ಸ್ ರೆಫ್ ಹಾಕಿ, ಅಪ್ಲಿಕೇಶನ್‌ನದೇ ಹೆಸರುಪಟ್ಟಿಯಾದ ಜಾವಾ ಕಾಂಪ್ ಎನ್ವ್ ಮೂಲಕ ಹುಡುಕಿ. ನೀವೇ ಎಬ್ಬಿಸಿದ ಥ್ರೆಡ್‌ಗಳನ್ನು (ಹಿನ್ನೆಲೆಯ ಕೆಲಸಗಳು) ಲಿಸನರ್‌ನ ಕೊನೆಯ ಮೆಥಡ್ ಕಾಂಟೆಕ್ಸ್ಟ್‌ಡಿಸ್ಟ್ರಾಯ್ಡ್‌ನಲ್ಲಿ ನಿಲ್ಲಿಸಲೇಬೇಕು. ಇದನ್ನು ಬಿಟ್ಟವರ ಸರ್ವರ್, ಅಪ್ಲಿಕೇಶನ್ ರೀಡಿಪ್ಲಾಯ್ ಮಾಡಿದಂತೆಲ್ಲ (ಮತ್ತೆ ಹಾಕಿದಂತೆಲ್ಲ) ಮೆಮೊರಿ ತಿನ್ನುತ್ತಾ ಹೋಗುತ್ತದೆ.

ಟಾಮ್‌ಕ್ಯಾಟ್ 10ಕ್ಕೆ ಹೋಗುವ ಯೋಚನೆಯಿದ್ದರೆ ಎಚ್ಚರ. ಅಲ್ಲಿ ಜಾವಾಎಕ್ಸ್ ಸರ್ವ್ಲೆಟ್ ಪ್ಯಾಕೇಜ್ ಜಕಾರ್ತಾ ಸರ್ವ್ಲೆಟ್ ಆಗಿದೆ. ಹಳೆಯ ವೆಬ್‌ಲಿಸನರ್ ಅನೊಟೇಶನ್ ಅದರ ಕಣ್ಣಿಗೇ ಬೀಳದು, ಮತ್ತೆ ಇದೇ ಮೌನ.

ಪ್ರಶ್ನೆ: ಆರಂಭದ ಕೋಡಿಗೆ ಕ್ಲಾಸಿನೊಳಗಿನ ಸ್ಟ್ಯಾಟಿಕ್ ಬ್ಲಾಕ್ ಸಾಕು ಅಂತ ತುಮಕೂರಿನ ಕೋಚಿಂಗ್‌ನಲ್ಲಿ ಹೇಳಿಕೊಟ್ಟರು. (ಗುಬ್ಬಿ)

ಉತ್ತರ: ಸಾಲದು. ಆ ಕ್ಲಾಸನ್ನು ಯಾರಾದರೂ ಬಳಸುವವರೆಗೆ ಅದು ಓಡುವುದೇ ಇಲ್ಲ. ಫೀಸು ತೆಗೆದುಕೊಂಡು ಇಂಥದ್ದನ್ನು ಕಲಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಪ್ರಶ್ನೆ: ಲಿಸನರ್ ಒಳಗೆ ಥ್ರೆಡ್ ಸ್ಲೀಪ್ (ಕೋಡನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು) ಹಾಕಿ ಡೇಟಾಬೇಸಿಗೆ ಕಾಯಬಹುದೇ? (ಕುಣಿಗಲ್)

ಉತ್ತರ: ಬೇಡ.

ಪ್ರಶ್ನೆ: ಸರ್ವರ್ ಎರಡಿವೆ, ಆರಂಭದ ವರದಿಯ ಮೇಲ್ ಎರಡು ಸಲ ಹೋಗುತ್ತಿದೆ. (ಶಿರಾ)

ಉತ್ತರ: ಹೋಗದೇ ಇನ್ನೇನು? ಲಿಸನರ್ ಪ್ರತಿ ನೋಡ್‌ನಲ್ಲೂ, ಅಂದರೆ ಪ್ರತಿ ಸರ್ವರ್‌ನಲ್ಲೂ, ಓಡುತ್ತದೆ. ಡೇಟಾಬೇಸಿನಲ್ಲಿ ದಿನಾಂಕಕ್ಕೆ ಯೂನಿಕ್ ಕೀ (ಒಂದು ದಿನಾಂಕಕ್ಕೆ ಒಂದೇ ಸಾಲು) ಇರುವ ಟೇಬಲ್ ಮಾಡಿ. ಅದರಲ್ಲಿ ಸಾಲು ಸೇರಿಸಲು ಗೆದ್ದ ನೋಡ್ ಮಾತ್ರ ಮೇಲ್ ಕಳಿಸಲಿ.