ಎಂಜಿನ್ ಕೊಳ್ಳುವ ಮುಂಚೆ ಬೋರಲು ಹಾಕಿ ನೋಡಿ

ಪ್ರಶ್ನೆ: ದಾವಣಗೆರೆ ಸ್ಟೇಷನ್ ಹತ್ತಿರವೇ ಬೆಳೆದವನು ನಾನು. ನಿವೃತ್ತಿಯಾದ ಮೇಲೆ ಮಹಡಿ ಕೋಣೆಯಲ್ಲಿ ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಕಿ, ಎಚ್‌ಒ ಅಳತೆಯ ಮಾದರಿ ರೈಲಿನ ಹಳಿ ಜೋಡಿಸಿದ್ದೇನೆ. ಈಗ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನಿನ ಒಂದು ಮಾದರಿ ಕಣ್ಣಿಗೆ ಬಿದ್ದಿದೆ. ಕೈ ಹಿಡಿಯುವ ಕಂಬಿ, ಪೈಪು, ಏಣಿ ಎಲ್ಲ ಬಿಡಿಬಿಡಿಯಾಗಿ ಕೂರಿಸಿದ್ದಾರೆ, ಸದ್ದೂ ಬರುತ್ತದೆ. ನನ್ನ ಹತ್ತಿರ ಇರುವುದು ಹಳೆಯ 12 ವೋಲ್ಟ್ ಡಿಸಿ ಕಂಟ್ರೋಲರ್. ತೆಗೆದುಕೊಳ್ಳಬಹುದಾ ಸರ್?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ದುಡ್ಡು ಕೊಡುವ ಮುಂಚೆ ಟೇಪು ಹಿಡಿದು ನಿಮ್ಮ ಹಳಿಯ ತಿರುವು ಅಳೆಯಿರಿ. ವೃತ್ತದ ನಡುವಿನಿಂದ ಹಳಿಯ ನಡುವಿಗೆ ಎಷ್ಟು ಇಂಚು ಇದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎಚ್‌ಒ ಎಂದರೆ 87ಕ್ಕೆ 1ರ ಅಳತೆ. ನಿಜವಾದ ಡಬ್ಲ್ಯುಡಿಜಿ-4 ಸುಮಾರು 21 ಮೀಟರ್ ಉದ್ದ. ಮಾದರಿ 24 ಸೆಂಟಿಮೀಟರ್ ಆಗುತ್ತದೆ. ಅದರ ಕೆಳಗೆ ಮೂರು ಮೂರು ಆಕ್ಸಲ್‌ನ ಎರಡು ಬೋಗಿ. (ಬೋಗಿ ಅಂದರೆ ನಾವು ಪ್ಯಾಸೆಂಜರ್ ಡಬ್ಬಿ ಅಂದುಕೊಳ್ಳುತ್ತೇವೆ. ಇಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು.) 18 ಇಂಚಿನ ತಿರುವಿನಲ್ಲಿ ಇಂಥ ಎಂಜಿನ್ ತಿಣುಕುತ್ತದೆ. ಬೋಗಿ ತಿರುಗಿದಾಗ ಮುಂದಿನ ಬ್ರೇಕ್ ಪೈಪಿಗೋ ಏಣಿಗೋ ತಾಗಿ ಹಳಿ ಬಿಡುತ್ತದೆ. ನೀವು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವ ಆ ಸೂಕ್ಷ್ಮ ಕೆಲಸವೇ ಓಟಕ್ಕೆ ಅಡ್ಡ ಬರುತ್ತದೆ ನೋಡಿ. 22 ಇಂಚು ಇದ್ದರೆ ಚಿಂತೆ ಇಲ್ಲ. ನಾಲ್ಕಡಿ ಅಗಲದಲ್ಲಿ 22 ಇಂಚಿನ ತಿರುವು ಹಿಡಿಸುತ್ತದೆ, ಆದರೆ ಹಳಿಯ ನಡುವಿನಿಂದ ಹಲಗೆಯ ಅಂಚಿಗೆ ಉಳಿಯುವುದು ಎರಡೇ ಇಂಚು. ಅಂಚಿಗೆ ಒಂದು ಪಟ್ಟಿ ಹೊಡೆಯಿರಿ. ನನ್ನದೊಂದು ಎಂಜಿನ್ ಟೇಬಲ್ಲಿನಿಂದ ಗ್ರಾನೈಟ್ ನೆಲಕ್ಕೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ತಿರುವು ಬದಲಿಸಲು ಆಗದಿದ್ದರೆ ಹಳೆಯ ಡಬ್ಲ್ಯುಡಿಎಂ-2 ನೋಡಿ. ಅದಕ್ಕೂ ಆರು ಆಕ್ಸಲ್ಲೇ, ಆದರೆ ಮಾದರಿ ಸುಮಾರು 20 ಸೆಂಟಿಮೀಟರ್. ಆ ನಾಲ್ಕು ಸೆಂಟಿಮೀಟರಿನಲ್ಲಿ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಎಂಜಿನ್ನನ್ನು ಸ್ಪಂಜಿನ ಮೇಲೆ ಬೋರಲು ಹಾಕಿ ನೋಡಿ. ಮೋಟಾರಿನ ಶಕ್ತಿ ಎರಡೂ ಬೋಗಿಗೆ ಹೋಗುತ್ತದಾ, ಒಂದಕ್ಕೆ ಮಾತ್ರವಾ? ಕರೆಂಟು ಎಲ್ಲ ಗಾಲಿಗಳಿಂದ ಬರುತ್ತದಾ? ಮೋಟಾರಿಗೆ ಫ್ಲೈವೀಲ್ (ಓಟ ನಯವಾಗಿಸುವ ಭಾರದ ಚಕ್ರ) ಇದೆಯಾ? ಮೂರಕ್ಕೂ ಹೌದು ಅಂದರೆ ಮಾತ್ರ ಮೇಲಿನ ಕಂಬಿ, ಹಾರ್ನು ನೋಡಿ. ಬಿಡಿಭಾಗ ಸಿಗುತ್ತವಾ ಎಂದೂ ಕೇಳಿ. ನಮ್ಮ ದೇಶದ ಡೀಸೆಲ್‌ಗಳ ಮಾದರಿ ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ. ನಾನೊಮ್ಮೆ ಒಂದು ಎಂಜಿನ್ ತರಿಸಿದೆ. ಹಾರ್ನು ಮುರಿದೇ ಬಂತು. ಮಾರಿದವರು ಕಡೆಗೂ ಇನ್ನೊಂದು ಕಳಿಸಲಿಲ್ಲ.

ಎಡ-ಬಲ ಚಕ್ರಗಳ ನಡುವಿನ ಅಗಲ ಯಾಕೋ ಕಡಿಮೆ ಅನಿಸಿದರೆ ನಿಮ್ಮ ಕಣ್ಣು ಸರಿಯಾಗಿದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಒದಲ್ಲಿ ಅದು 19 ಮಿ.ಮೀ.ಗಿಂತ ತುಸು ಜಾಸ್ತಿ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಅದು ವಿದೇಶದ 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಎಂಜಿನ್ನಿನ ಮಾದರಿಗಳೂ ಸಾಮಾನ್ಯವಾಗಿ ಅದರ ಮೇಲೇ ಓಡುತ್ತವೆ. ನಾನಂತೂ ಒಪ್ಪಿಕೊಂಡುಬಿಟ್ಟಿದ್ದೇನೆ.

ಇನ್ನು ಸದ್ದು. ಹಳೆಯ ಡಿಸಿ ಕಂಟ್ರೋಲರಿನಲ್ಲಿ ಸದ್ದಿನ ಎಂಜಿನ್ ಓಡಿಸಬಹುದು, ಸುಖ ಇಲ್ಲ. ಗುಂಡಿ ಅರ್ಧ ತಿರುಗಿಸುವವರೆಗೆ ಸದ್ದಿನ ಚಿಪ್ಪು ಎಚ್ಚರವಾಗುವುದೇ ಆಗುತ್ತದೆ, ಉಳಿದ ಅರ್ಧದಲ್ಲಿ ನೀವು ಗಾಡಿ ಓಡಿಸಬೇಕು. ಸದ್ದು ಬೇಕೇ ಬೇಕು ಅಂದರೆ ಡಿಸಿಸಿ (ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ) ಕಂಟ್ರೋಲರಿಗೆ ದುಡ್ಡು ಎತ್ತಿಡಿ. ಇಲ್ಲದಿದ್ದರೆ ಈಗ ಡಿಕೋಡರ್ (ಆ ಆಜ್ಞೆ ಓದುವ ಚಿಪ್ಪು) ಹಾಕುವ ಸಾಕೆಟ್ ಇರುವ, ಸದ್ದಿಲ್ಲದ ಎಂಜಿನ್ ಕೊಳ್ಳಿ. ಚಿಪ್ಪು ಆಮೇಲೆ ಹಾಕಿದರಾಯಿತು. ನಾನು ಇದನ್ನೇ ಹೇಳುವುದು. ಒಂದು ಎಚ್ಚರಿಕೆ: ಡಿಸಿಸಿ ಬಂದ ಮೇಲೆ ಡಿಕೋಡರ್ ಇಲ್ಲದ ಹಳೆ ಎಂಜಿನ್ನನ್ನು ಆ ಹಳಿಯ ಮೇಲೆ ನಿಲ್ಲಿಸಬೇಡಿ. ಗುಂಯ್ ಅನ್ನುತ್ತಾ ಕಾದು ಮೋಟಾರು ಸುಟ್ಟೀತು.

ಸದ್ದು ಆರಿಸುವಾಗ ಒಳಗಿನ ಯಂತ್ರ ಯಾವುದು ಎಂದು ನೋಡಿ. ಡಬ್ಲ್ಯುಡಿಜಿ-4 ನಮ್ಮ ಹುಬ್ಬಳ್ಳಿ ಶೆಡ್ಡಿನ ಎಂಜಿನ್ ಎಂದೇ ನಮಗೆಲ್ಲ ಪರಿಚಯ. ಅದರಲ್ಲಿರುವುದು ಇಎಂಡಿ ಕಂಪನಿಯ 16 ಸಿಲಿಂಡರಿನ 710, ಟೂ ಸ್ಟ್ರೋಕ್, 4000 ಅಶ್ವಶಕ್ತಿ. ಅಮೆರಿಕದ ಎಸ್‌ಡಿ70ಮ್ಯಾಕ್‌ನಲ್ಲೂ 710 ಯಂತ್ರವೇ. ಆ ಎಂಜಿನ್ನಿನ ಸದ್ದು ಹಾಕಿದರೆ ನಡೆಯುತ್ತದೆ. ಡಬ್ಲ್ಯುಡಿಎಂ-2ಕ್ಕೆ ಅದು ಹೊಂದುವುದಿಲ್ಲ. ಅದರದು ಆಲ್ಕೊ ಕಂಪನಿಯ 251, ಫೋರ್ ಸ್ಟ್ರೋಕ್. ನಿಂತಲ್ಲೇ ಗುಡುಗುಡು ಅನ್ನುತ್ತಿದ್ದ ಆ ಸದ್ದು ಸ್ಟೇಷನ್ ಹತ್ತಿರ ಬೆಳೆದ ನಿಮಗೆ ಗೊತ್ತಿರಲೇಬೇಕು, ಅಲ್ವಾ?

ಮನೆಗೆ ತಂದ ದಿನವೇ ಇಪ್ಪತ್ತು ಡಬ್ಬಿ ಕಟ್ಟಬೇಡಿ. ಬರಿ ಎಂಜಿನ್ನನ್ನು ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ನಿಧಾನವಾಗಿ ಓಡಿಸಿ. ಗಂಟೆಗೆ 100 ಕಿ.ಮೀ. ವೇಗ ಅಂದರೆ ನಿಮ್ಮ ಹಲಗೆಯ ಮೇಲೆ ಸೆಕೆಂಡಿಗೆ 32 ಸೆಂಟಿಮೀಟರ್ ಮಾತ್ರ. ಯಾರ್ಡಿನಲ್ಲಿ ಶಂಟಿಂಗಿಗೆ ಮೂರು ಸೆಂಟಿಮೀಟರ್ ಸಾಕು. ಆ ವೇಗದಲ್ಲಿ ಜರ್ಕ್ ಹೊಡೆಯದೆ ನಡೆದರೆ ಅದು ಒಳ್ಳೆಯ ಎಂಜಿನ್.

ಪ್ರಶ್ನೆ: ನಾಲ್ಕು ತಿಂಗಳು ಚೆನ್ನಾಗಿ ಓಡಿದ ಡೀಸೆಲ್ ಈಗ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ನಿಂತುಬಿಡುತ್ತದೆ. ಮಗ ಹಳಿಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜುತ್ತಾನೆ. ಎರಡು ದಿನ ಸರಿ, ಮತ್ತೆ ಅದೇ ಕಥೆ.
— ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಆ ಸ್ಯಾಂಡ್‌ಪೇಪರ್ ಕಿತ್ತಿಟ್ಟುಕೊಳ್ಳಿ. ಅದು ಹಳಿಯ ಮೇಲೆ ಸಣ್ಣ ಗೀರು ಮಾಡುತ್ತದೆ, ದುರ್ಗದ ಧೂಳು ಹೋಗಿ ಆ ಗೀರಿನಲ್ಲೇ ಕೂರುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವವನ್ನು ಹತ್ತಿ ಬಟ್ಟೆಗೆ ಹಾಕಿ ಹಳಿ ಒರೆಸಿ. ಗಾಲಿಗಳನ್ನೂ ಹಾಗೇ ಒರೆಸಿ, ಕೊಳೆ ಜಾಸ್ತಿ ಇರುವುದೇ ಅಲ್ಲಿ. ಆಕ್ಸಲ್‌ಗೆ ಕೂದಲು, ದಾರ ಸುತ್ತಿದ್ದರೆ ಚಿಮಟದಲ್ಲಿ ಎಳೆದು ತೆಗೆಯಿರಿ. ಎಣ್ಣೆ ಬೇಕಾದರೆ ಪ್ಲಾಸ್ಟಿಕ್ಕಿಗೆ ಆಗಿಬರುವ ತೆಳು ಎಣ್ಣೆ, ಸೂಜಿ ಮೊನೆಯಷ್ಟು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅಂಟಾಗುತ್ತದೆ.

ಇಷ್ಟಾದರೂ ಪಾಯಿಂಟ್ ಮೇಲೇ ನಿಂತರೆ, ಹಳಿಗಳು ಕೂಡುವ ಜಾಗ ಪ್ಲಾಸ್ಟಿಕ್ ಇರಬಹುದು, ಅಲ್ಲಿ ಕರೆಂಟು ಇಲ್ಲ. ಕೆಲವೇ ಗಾಲಿಗಳಿಂದ ಕರೆಂಟು ಎಳೆಯುವ ಎಂಜಿನ್ ಅಲ್ಲಿ ಸಿಕ್ಕಿಬೀಳುತ್ತದೆ. ಡಿಸಿಸಿ ಇದ್ದರೆ ಡಿಕೋಡರಿಗೆ ತುಸು ಕರೆಂಟು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್ ಸೇರಿಸಿ, ಅಷ್ಟು ದೂರ ಅದೇ ದಾಟಿಸುತ್ತದೆ. ಒರೆಸುವಾಗ ಎಂಜಿನ್ನನ್ನು ಕಂಬಿ ಹಿಡಿದು ಎತ್ತಬೇಡಿ, ಕೆಳಗಿನ ಟ್ಯಾಂಕಿನ ಹತ್ತಿರ ಹಿಡಿಯಿರಿ. ಮುರಿದು ಬಿದ್ದ ತುಂಡು ಸಿಕ್ಕರೆ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ. ಅದನ್ನೇ ಅಂಟಿಸಬಹುದು.