ಮದುವೆಗೆ ಬ್ಯಾಂಡು ಇರಬಹುದು, ಸಿನಿಮಾ ಹಾಡು ಯಾಕೆ ಬೇಡ?

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಮಗನ ಜೊತೆ ಕೆಲಸ ಮಾಡುವ ಹುಡುಗ ಯೆಹೂದಿ, ತುಂಬಾ ಮಡಿವಂತ. ಸಿನಿಮಾ ಹಾಡು ಕೇಳೋದೇ ಇಲ್ಲ. ಅವನ ಮದುವೆಯಲ್ಲಿ ಮಾತ್ರ ರಾತ್ರಿಯಿಡೀ ಬ್ಯಾಂಡು, ಕುಣಿತ. ಇದೆಂಥ ನಿಯಮ?"

ಆತ್ಮೀಯರೇ, ಈ ನಿರ್ಬಂಧ ಹುಟ್ಟಿದ್ದು ಶೋಕದಿಂದ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟುಹಾಕಿತು. ಅಲ್ಲಿ ಲೇವಿಯರು, ಅಂದರೆ ದೇವಾಲಯದ ಸೇವೆಗೆ ಮೀಸಲಾದ ಕುಲದವರು, ದಿನವೂ ವಾದ್ಯ ನುಡಿಸಿ ಹಾಡುತ್ತಿದ್ದರು. ಆ ಹಾಡೇ ನಿಂತ ಮೇಲೆ ನಮಗೆಂಥ ಹಾಡು ಅಂದರು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು.

ಜನ ಹಾಡದೆ ಇರ್ತಾರಾ? ರಬ್ಬಿಗಳ ಚರ್ಚೆಗಳ ಪ್ರಾಚೀನ ಗ್ರಂಥವಾದ ತಾಲ್ಮುದ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗ ಒಂದಿದೆ. ಬ್ಯಾಬಿಲೋನಿಯಾದ ಧರ್ಮಗುರು ರವ್ ಹೂನಾ ಜನರ ಹಾಡು ನಿಲ್ಲಿಸಿಬಿಟ್ಟರು. ಔತಣಗಳೂ ನಿಂತವು. ಒಂದು ಜೂಜ್ ನಾಣ್ಯಕ್ಕೆ 100 ಹೆಬ್ಬಾತು ಕೊಡ್ತೀವಿ ಅಂದರೂ ಕೊಳ್ಳುವವರಿಲ್ಲ. ಆಮೇಲೆ ಬಂದ ರವ್ ಹಿಸ್ದಾ ಅದನ್ನು ಸಡಿಲ ಬಿಟ್ಟರು. ಆಗ ಒಂದು ಜೂಜ್‌ಗೆ ಒಂದೇ ಒಂದು ಹೆಬ್ಬಾತೂ ಸಿಗದೆ ಹೋಯಿತು! ಅಷ್ಟು ಕಟ್ಟುನಿಟ್ಟಿನ ಹೂನಾ ಕೂಡ ದೋಣಿ ಎಳೆಯುವವರ ಹಾಡು, ಎತ್ತು ಹೊಡೆಯುವವರ ಹಾಡು ಇರಲಿ ಅಂದಿದ್ದರು. ನೇಕಾರರ ಹಾಡು ಬೇಡ. ಮೊದಲಿನವು ದುಡಿಮೆಗೆ ಬಲ ಕೊಡುತ್ತವೆ, ನೇಕಾರರದು ಬರೀ ಮೋಜಿಗೆ ಅಂತ 11ನೇ ಶತಮಾನದ ಟೀಕಾಕಾರ ರಾಶಿ ವಿವರಿಸುತ್ತಾರೆ. ಮಗ್ಗದ ಮುಂದೆ ಕೂತವರ ಮಟ್ಟಿಗೆ ಇದು ಅನ್ಯಾಯವೇ ಅಂತ ನನಗನಿಸುತ್ತದೆ.

16ನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್‌ನ ರಬ್ಬಿ ಮೋಷೆ ಇಸ್ಸರ್ಲಿಸ್ ಇನ್ನೊಂದು ದಾರಿ ತೋರಿಸಿದರು. ರಾಜರ ಹಾಗೆ ಏಳುವಾಗ, ಮಲಗುವಾಗ ಸಂಗೀತ ಬೇಕು ಅನ್ನುವವರಿಗೆ, ಕುಡಿತದ ಕೂಟಗಳಿಗೆ ಮಾತ್ರ ನಿಷೇಧ ಅನ್ನುವ ಅಭಿಪ್ರಾಯವನ್ನು ದಾಖಲಿಸಿದರು. ಮದುವೆಯಂಥ ಪುಣ್ಯಕಾರ್ಯಕ್ಕೆ ಎಲ್ಲವೂ ಸರಿ. ವಧೂವರರನ್ನು ಸಂತೋಷಪಡಿಸುವುದು ಅಲ್ಲಿ ಬಂದವರ ಕರ್ತವ್ಯ. ಹಾಗಿದ್ದರೂ ವರ ಗಾಜಿನ ಲೋಟ ತುಳಿದು ಒಡೆಯುತ್ತಾನೆ, ಸುಟ್ಟ ದೇವಾಲಯದ ನೆನಪಿಗೆ.

ಈಗಲೂ ಎಲ್ಲರದೂ ಒಂದೇ ಮಾತಲ್ಲ. 20ನೇ ಶತಮಾನದಲ್ಲಿ ನ್ಯೂಯಾರ್ಕಿನ ರಬ್ಬಿ ಮೋಷೆ ಫೈನ್‌ಸ್ಟೈನ್ ಈ ವಿಷಯದಲ್ಲಿ ಬಿಗಿಯಾಗಿದ್ದರು. ಇಸ್ರೇಲಿನ ಮುಖ್ಯ ರಬ್ಬಿಯಾಗಿದ್ದ ಓವಾಡಿಯಾ ಯೋಸೆಫ್, ಅರಬ್ಬಿ ಪ್ರೇಮಗೀತೆಯ ಧಾಟಿಗೆ ಪ್ರಾರ್ಥನೆ ಕೂರಿಸಿ ಹಾಡಬಹುದು ಅಂದರು. ಧಾಟಿಗೆ ಜಾತಿಯಿಲ್ಲ ಅಂತಲೇ ನಾನೂ ನಂಬುತ್ತೇನೆ. ಸಿನಿಮಾ ಹಾಡಿನಲ್ಲಿ ಸಂಪ್ರದಾಯಸ್ಥರಿಗೆ ತೊಡಕಾಗುವುದು ಹೆಚ್ಚಾಗಿ ಶೃಂಗಾರದ ಸಾಹಿತ್ಯ. ಹೆಣ್ಣಿನ ಹಾಡನ್ನು ಗಂಡಸು ಕೇಳಬಾರದು ಅನ್ನುವ ಕಟ್ಟುಪಾಡೂ ಹಲವರಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ, ಆದರೆ ಆ ಹುಡುಗ ಪಾಲಿಸುತ್ತಿರಬಹುದು.

ಒಂದು ಮಾತು ನಿಮ್ಮ ಮಗನಿಗೆ ಹೇಳಿ. ಬೇಸಿಗೆಯಲ್ಲಿ ದೇವಾಲಯದ ನಾಶವನ್ನು ನೆನೆಯುವ 3 ವಾರ ಬರುತ್ತದೆ, ಸಾಮಾನ್ಯವಾಗಿ ಜುಲೈ ಹೊತ್ತಿಗೆ. ಆಗ ಇಂಥ ಮನೆಗಳಲ್ಲಿ ವಾದ್ಯವೂ ಇಲ್ಲ, ಮದುವೆಯೂ ಇಲ್ಲ. ಗೆಳೆಯನನ್ನು ಸಂಗೀತ ಕಚೇರಿಗೆ ಕರೆಯೋದಿದ್ದರೆ ಅದು ಮುಗಿದ ಮೇಲೆ ಕರೆಯಲಿ.

— ಸಂಪಾದಕ