‘ಆಗ ಹೇಳಿದರೆ ಅದು ತಕರಾರು’

“ಮೀಟಿಂಗ್‌ನಲ್ಲಿ ಬಾಯೇ ಬಿಡೋದಿಲ್ಲ, ಸ್ವಲ್ಪ ಧೈರ್ಯ ತುಂಬಿ” ಎಂಬ ಕೋರಿಕೆಯೊಂದಿಗೆ ಉದ್ಯೋಗಿಗಳನ್ನು ಆಪ್ತಸಲಹೆಗೆ ಕಳಿಸುವುದು ಮತ್ತೆ ಮತ್ತೆ ನಡೆಯುತ್ತದೆ. ಈ ಪ್ರಕರಣವೂ ಹಾಗೆಯೇ ಬಂದದ್ದು. ಗುರುತು ಸಿಗದಂತೆ ವಿವರ ಬದಲಿಸಿದೆ. ಎಂಟು ಜನರ ತಂಡ. ಆಕೆ ಕೆಲಸದಲ್ಲಿ ಚುರುಕು, ಊಟದ ಹೊತ್ತಿನಲ್ಲಿ ಮಾತುಗಾರ್ತಿ. ವಾರದ ಸಭೆಯಲ್ಲಿ ಮಾತ್ರ ಮೌನ.

ಎರಡನೇ ಭೇಟಿಗೆ ಆಕೆಯ ಒಪ್ಪಿಗೆ ಪಡೆದು ತಂಡದ ಮುಖ್ಯಸ್ಥರನ್ನೂ ಕರೆಸಿದೆ.

“ನೀವೇನು ಹೇಳ್ತೀರಿ ಅಂತ ಪ್ರತಿ ಸಲ ಕೇಳ್ತೀನಲ್ಲಮ್ಮ?” ಎಂದರು ಅವರು.

“ಕೇಳ್ತೀರಿ ಸರ್. ಎಲ್ಲಾ ತೀರ್ಮಾನ ಆದ್ಮೇಲೆ ಕೇಳ್ತೀರಿ. ಆಗ ಬೇರೆ ಏನಾದ್ರೂ ಹೇಳಿದ್ರೆ ಅದು ಅಭಿಪ್ರಾಯ ಆಗಲ್ಲ, ತಕರಾರು ಆಗುತ್ತೆ.”

ಹಿಂದಿನ ಸಭೆ ನಡೆದ ಕ್ರಮವನ್ನು ಬೇರೆಬೇರೆ ಹಾಳೆಯಲ್ಲಿ ಬರೆಯಲು ಇಬ್ಬರಿಗೂ ಹೇಳಿದೆ. ವಿಷಯ ಮಂಡನೆ, ಮುಖ್ಯಸ್ಥರ ಒಲವು, ಇಬ್ಬರು ಹಿರಿಯರ ಅನುಮೋದನೆ, ಕೊನೆಗೆ ಆಕೆಯ ಹೆಸರು. ಎರಡೂ ಹಾಳೆಯಲ್ಲಿ ಅದೇ ಕ್ರಮ. ಮುಖ್ಯಸ್ಥರು ತಮ್ಮ ಹಾಳೆಯನ್ನು ಎರಡು ಸಲ ಓದಿಕೊಂಡರು.

ಮಾತಾಡುವ ಅಭ್ಯಾಸ ಮಾಡಿಸದೆ ಸಭೆಯನ್ನೇ ತಿದ್ದಲು ಹೊರಟದ್ದು ನನ್ನ ಕೆಲವು ಸಹೋದ್ಯೋಗಿಗಳಿಗೆ ಸರಿ ಕಾಣಲಿಲ್ಲ. ಆದರೆ ಬಾಗಿಲು ಮುಚ್ಚಿದ ಮೇಲೆ ತಟ್ಟುವ ಧೈರ್ಯ ಕಲಿಸಿ ಪ್ರಯೋಜನವೇನು? ಹಾಗಾಗಿ ಸಲಹೆಯ ಹೆಚ್ಚು ಪಾಲು ಮುಖ್ಯಸ್ಥರಿಗೇ ಹೋಯಿತು.

ಚರ್ಚೆಯ ವಿಷಯವನ್ನು ಹಿಂದಿನ ದಿನವೇ ಪ್ರಶ್ನೆಯ ರೂಪದಲ್ಲಿ ಕಳಿಸಿ. ‘ವೇಳಾಪಟ್ಟಿ’ ಎಂದರೆ ಯಾರೂ ತಯಾರಾಗುವುದಿಲ್ಲ. ‘ಯಾವ ಕೆಲಸವನ್ನು ಮುಂದೂಡಬಹುದು?’ ಎಂದರೆ ಯೋಚಿಸಿಕೊಂಡು ಬರುತ್ತಾರೆ. ಸಭೆಯ ಮೊದಲ 5 ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ, ಬರೆದದ್ದನ್ನು ಚರ್ಚೆಗೆ ಮೊದಲೇ ಓದಿ. ಒಮ್ಮೆ ಓದದೆ ಬದಿಗಿಟ್ಟರೆ ಮುಂದಿನ ಸಲ ಹಾಳೆಗಳು ಖಾಲಿ ಬರುತ್ತವೆ. ಆಮೇಲೆ ಒಬ್ಬೊಬ್ಬರಾಗಿ ಮಾತಾಡುವ ಸುತ್ತು, ಕಿರಿಯರಿಂದ ಶುರುವಾಗಲಿ, ನಿಮ್ಮ ಮಾತು ಕಟ್ಟಕಡೆಗೆ. ‘ಪಾಸ್’ ಅನ್ನಲು ಅವಕಾಶವಿರಲಿ, ಪಾಸ್ ಅಂದವರಿಗೆ ಸುತ್ತು ಮುಗಿದಾಗ ಇನ್ನೊಂದು ಸರದಿ ಕೊಡಿ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಸುತ್ತು ಹಾಜರಿ ಕೂಗಿದಂತಾಗುತ್ತದೆ, ಆಗ ಇಬ್ಬಿಬ್ಬರನ್ನು ಜೋಡಿ ಮಾಡಿ.

ಇದ್ದಕ್ಕಿದ್ದಂತೆ ಹೆಸರು ಹಿಡಿದು ಕೇಳಬೇಡಿ. ಎಲ್ಲ ಕಣ್ಣೂ ತಿರುಗಿದ ಕ್ಷಣ ಇದ್ದ ಮಾತೂ ಮರೆತುಹೋಗುತ್ತದೆ. ಕೇಳಲೇಬೇಕಿದ್ದರೆ ಹತ್ತು ನಿಮಿಷ ಮೊದಲೇ ಸೂಚನೆ ಕೊಡಿ. ಪ್ರಶ್ನೆ ಹಾಕಿದ ಮೇಲೆ ಕಾಯಿರಿ. ಶಿಕ್ಷಕರು ಉತ್ತರಕ್ಕೆ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡ್ ಮಾಡಿದರೆ ಹಿಂದುಳಿದವರೆನಿಸಿಕೊಂಡ ಮಕ್ಕಳೂ ಹೆಚ್ಚು ಉತ್ತರಿಸುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಸಭೆಯ ಮೌನದಲ್ಲಿ ಆ ಮೂರು ಸೆಕೆಂಡ್ ತುಂಬಾ ಉದ್ದ ಅನ್ನಿಸುತ್ತದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಆಕೆಗೆ ಹೇಳಿದ್ದು ಒಂದೇ: ಮೊದಲ ವಿಷಯದಲ್ಲೇ ಒಂದು ಸಣ್ಣ ಪ್ರಶ್ನೆ ಕೇಳಿಬಿಡಿ. ತಡವಾದಷ್ಟೂ ಮೊದಲ ಮಾತು ಭಾರವಾಗುತ್ತದೆ.

ಮೊದಲ ಎರಡು ಸಭೆಯಲ್ಲಿ ಆಕೆ ಪಾಸ್ ಅಂದರು. ಮುಖ್ಯಸ್ಥರು ಗಾಬರಿಯಾಗಿ ಫೋನ್ ಮಾಡಿ, “ಇದು ಕೆಲಸ ಮಾಡ್ತಿಲ್ಲ ಮೇಡಂ” ಎಂದರು. ಹಾಳೆಯಲ್ಲಿ ಆಕೆ ಏನಾದರೂ ಬರೆದಿದ್ದರೇ ಎಂದು ಕೇಳಿದೆ. “ಎರಡು ಸಲವೂ ಬರೆದಿದ್ರು. ನಾವು ಒಪ್ಪಿಕೊಂಡಿದ್ದೂ ಅದನ್ನೇ.”